ನದಿ ನುಂಗಿದ ನೆಲದ ಲೆಕ್ಕ

ಹೊಲದ ಮಗ್ಗುಲಲ್ಲೇ ನದಿ ಹರಿಯುವುದು ರೈತನ ಭಾಗ್ಯವೆಂದು ನಾವು ಬಗೆಯುತ್ತೇವೆ. ಅಸ್ಸಾಮಿನ ಬ್ರಹ್ಮಪುತ್ರಾ ತೀರದ ರೈತನು ಈ ಮಾತನ್ನು ಸುಲಭವಾಗಿ ಒಪ್ಪಲಾರನು. ನೆರೆ ಬಂದರೆ ಬೆಳೆ ಹೋಗುತ್ತದೆ. ನೀರಿಳಿದ ಮೇಲೆ ಹೊಲವಾದರೂ ಉಳಿದಿರುತ್ತದೆ. ದಡ ಕುಸಿದರೆ ಹೊಲವೇ ಇಲ್ಲ. 1950ರಿಂದೀಚೆಗೆ ಅಸ್ಸಾಮಿನ ನದಿಗಳು ಹೀಗೆ ಕಬಳಿಸಿದ ನೆಲವು ನಾಲ್ಕು ಲಕ್ಷ ಹೆಕ್ಟೇರುಗಳಿಗೂ ಮಿಗಿಲೆಂದು ಆ ರಾಜ್ಯದ ಜಲಸಂಪನ್ಮೂಲ ಇಲಾಖೆಯು ಲೆಕ್ಕ ಹಾಕಿದೆ. ಸರಪಳಿ ಹಿಡಿದು ಅಳೆಯೋಣವೆಂದರೆ ಅಲ್ಲಿ ಈಗ ಇರುವುದು ನೀರು. ಹಾಗಾದರೆ ಈ ಲೆಕ್ಕವನ್ನು ಮಾಡುವ ಬಗೆ ಹೇಗೆ?

ಇದಕ್ಕೆ ಮೊದಲ ಆಧಾರ ಹಳೆಯ ಭೂಪಟ. ಹಳೆಯ ಮತ್ತು ಹೊಸ ಭೂಪಟಗಳನ್ನು ಒಂದರ ಮೇಲೊಂದು ಹೊಂದಿಸಿದರೆ, ಎರಡು ದಡರೇಖೆಗಳ ನಡುವಿನ ಪಟ್ಟಿಯೇ ನದಿಯ ಪಾಲಾದ ನೆಲ. ಹೊಂದಿಸಲು ಎರಡರಲ್ಲಿಯೂ ಕಾಣುವ, ಕದಲದ ಗುರುತುಗಳು ಬೇಕು. ದಡದ ಮೇಲಿದ್ದ ಗುಡಿಯನ್ನೂ ಮರವನ್ನೂ ನದಿಯೇ ಒಯ್ದಿರುವುದರಿಂದ, ದೂರದ ಬೆಟ್ಟ, ರಸ್ತೆಗಳ ಕೂಡುಸ್ಥಳ ಮುಂತಾದವನ್ನು ಆರಿಸಬೇಕಾಗುತ್ತದೆ. ಮೈಲಿಗೆ ಒಂದು ಅಂಗುಲದ ಅಳತೆಯ ಪಟದಲ್ಲಿ ಅರ್ಧ ಮಿಲಿಮೀಟರಿನಷ್ಟು ಗೆರೆ ತಪ್ಪಿದರೂ ನೆಲದ ಮೇಲೆ ಸುಮಾರು 32 ಮೀಟರುಗಳ ವ್ಯತ್ಯಾಸವಾಗುತ್ತದೆ!

1972ರಲ್ಲಿ ಅಮೆರಿಕವು ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿದ ಮೇಲೆ ಈ ಕಾರ್ಯಕ್ಕೆ ಹೊಸ ಕಣ್ಣು ದೊರೆಯಿತು. ಅದರ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲಿನ ಸುಮಾರು 80 ಮೀಟರುಗಳಿಗೆ ಸಮ. ಆದ್ದರಿಂದ ವರ್ಷಕ್ಕೆ 20 ಮೀಟರು ಸವೆಯುವ ದಡದ ಬದಲಾವಣೆ ಮರುವರ್ಷದ ಚಿತ್ರದಲ್ಲಿ ತಿಳಿಯದು. ಇಪ್ಪತ್ತು ವರ್ಷಗಳ ತರುವಾಯದ ಚಿತ್ರದಲ್ಲಿ ಸ್ಪಷ್ಟವಾಗಿ ತೋರುತ್ತದೆ. ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1988ರಲ್ಲಿ ಮೇಲೇರಿದ ಐ.ಆರ್.ಎಸ್.-1ಎ ಉಪಗ್ರಹವು ಸುಮಾರು 36 ಮೀಟರುಗಳ ಚುಕ್ಕೆಯನ್ನು ಗುರುತಿಸುತ್ತಿತ್ತು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ನೀರು ಹೀರಿಕೊಳ್ಳುವುದರಿಂದ, ಆ ಕಿರಣಗಳಿಂದ ತೆಗೆದ ಚಿತ್ರದಲ್ಲಿ ನದಿ ಕಪ್ಪಾಗಿಯೂ ಮರಳು ಬೆಳ್ಳಗಾಗಿಯೂ ಕಾಣುತ್ತವೆ.

ಆದರೆ ನೀರಿನ ಅಂಚೇ ದಡವಲ್ಲ. ಮಳೆಗಾಲದಲ್ಲಿ ಮೋಡ ಕವಿಯುವುದರಿಂದ ಚಳಿಗಾಲದ ಚಿತ್ರಗಳನ್ನೇ ಬಳಸುವುದುಂಟು. ಆಗ ನದಿ ಬಡವಾಗಿ, ಮರಳು ಬಯಲಾಗಿರುತ್ತದೆ. ನೀರಿನ ಅಂಚನ್ನೇ ದಡವೆಂದು ಹಿಡಿದರೆ ನದಿಯು ನೆಲವನ್ನು ಹಿಂದಿರುಗಿಸಿತೆಂಬ ಭ್ರಮೆ ಹುಟ್ಟೀತು! ಆದಕಾರಣ ಹೊಲ ಮರಗಳ ಹಸುರು ಮುಗಿಯುವಲ್ಲಿ ರೇಖೆಯನ್ನೆಳೆಯುತ್ತಾರೆ.

1912–28ರ ಮೋಜಣಿಯಲ್ಲಿ ಅಸ್ಸಾಮಿನೊಳಗೆ ಬ್ರಹ್ಮಪುತ್ರೆಯ ಹರಹು 3,870 ಚದರ ಕಿಲೋಮೀಟರುಗಳಿದ್ದಿತು, 1963–75ರಲ್ಲಿ 4,850, 2006ರಲ್ಲಿ 6,080. ನಡುವೆ, 1950ರ ಆಗಸ್ಟ್ 15ರಂದು ಘೋರವಾದ ಭೂಕಂಪವಾಯಿತು. ಕುಸಿದ ಬೆಟ್ಟಗಳ ಮಣ್ಣು ನದಿಗಿಳಿದು ಪಾತ್ರದ ತಳವನ್ನು ಎತ್ತರಿಸಿತು. ಆಳ ಕಳೆದುಕೊಂಡ ನದಿ ಅಗಲವಾಗತೊಡಗಿತು. ಅದರ ನಡುವಿನ ಮಾಜುಲಿ ದ್ವೀಪದಲ್ಲಿ ಎಷ್ಟೋ ಹಳ್ಳಿಗಳೂ ವೈಷ್ಣವ ಸತ್ರಗಳೂ ನೆಲೆ ಬದಲಿಸಬೇಕಾಯಿತು.

ಸರಾಸರಿಯ ವಿಷಯದಲ್ಲಿಯೂ ಎಚ್ಚರ ಬೇಕು. 10 ಕಿಲೋಮೀಟರು ಉದ್ದದ ದಡದಲ್ಲಿ 30 ವರ್ಷಗಳಲ್ಲಿ 6 ಚದರ ಕಿಲೋಮೀಟರು ನೆಲ ಹೋಯಿತೆನ್ನೋಣ. ಆಗ ಸರಾಸರಿ ಕೊರೆತ ವರ್ಷಕ್ಕೆ 20 ಮೀಟರು. ನದಿಗೆ ಈ ಸರಾಸರಿಯ ಹಂಗಿಲ್ಲ. ಹತ್ತು ವರ್ಷ ಸುಮ್ಮನಿದ್ದು, ಒಂದೇ ಮಳೆಗಾಲದಲ್ಲಿ ನೂರಾರು ಮೀಟರು ಕೊಚ್ಚಿಬಿಡಬಹುದು. ಇತ್ತ ಹೋದಷ್ಟೇ ನೆಲ ಅತ್ತ ಮರಳುದಿಬ್ಬವಾಗಿ ಎದ್ದರೆ, ಕೂಡಿಕಳೆದಾಗ ನಷ್ಟ ಸೊನ್ನೆಯೆಂದೂ ಬರಬಹುದು. ಭತ್ತದ ಗದ್ದೆ ಕಳೆದುಕೊಂಡ ಕುಟುಂಬವು ಆ ಮರಳಿನಲ್ಲಿ ಏನನ್ನು ಬೆಳೆದೀತು? ಅದಕ್ಕೆಂದೇ ಬಲ್ಲವರು ಕೊರೆದ ನೆಲವನ್ನೂ ಕೂಡಿದ ನೆಲವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದಿಡುತ್ತಾರೆ.