ಕಡತದ ಜೋಡಿಪದಗಳು: ಉಚ್ಚಾರ ಸಮೀಪ, ಅರ್ಥ ದೂರ

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ,

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರನ್ವಯ ಕನ್ನಡವೇ ರಾಜ್ಯದ ಆಡಳಿತ ಭಾಷೆ. ಆದರೂ ಕೇಂದ್ರ ಯೋಜನೆಗಳ ಮಾರ್ಗಸೂಚಿ, ಪ್ರಯೋಗಾಲಯದ ವರದಿ, ತಂತ್ರಾಂಶದ ಷರಾಗಳು ಹಲವು ಬಾರಿ ಇಂಗ್ಲಿಷಿನಲ್ಲೇ ಬರುತ್ತವೆ. ಅವುಗಳಲ್ಲಿನ ಕೆಲವು ವಿಶೇಷಣಗಳು ಕಿವಿಗೆ ಒಂದೇ ಎನಿಸಿದರೂ ಅರ್ಥದಲ್ಲಿ ಬೇರೆ. ಪದ ತಪ್ಪಿದರೆ ಅರ್ಹರಿಗೆ ಸೌಲಭ್ಯವೇ ತಪ್ಪಬಹುದು. ಆದುದರಿಂದ ಈ ನಾಲ್ಕು ಜೋಡಿಗಳನ್ನು ಅರಿತಿರುವುದು ಅಗತ್ಯ.

1. ಪೋಟಬಲ್ – ಪೋರ್ಟಬಲ್: ಮೊದಲನೆಯದು ಕುಡಿಯಲು ಯೋಗ್ಯವಾದ, ಎರಡನೆಯದು ಸುಲಭವಾಗಿ ಸಾಗಿಸಬಹುದಾದ. ಕೊಳವೆಬಾವಿ ನೀರಿನ ವರದಿಯಲ್ಲಿ ‘ನಾಟ್ ಪೋಟಬಲ್’ ಎಂದಿದ್ದರೆ ಆ ನೀರನ್ನು ಕುಡಿಯಬಾರದು ಎಂದರ್ಥ. ಭಾರತೀಯ ಮಾನಕ 10500ರಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದಿದ್ದಲ್ಲಿ ಮಾತ್ರ 1.5 ಮಿ.ಗ್ರಾಂವರೆಗೆ ಅವಕಾಶವಿದೆ. ಜಲ ಜೀವನ್ ಮಿಷನ್‌ನಡಿ ದಿನಕ್ಕೆ ತಲಾ 55 ಲೀಟರ್ ನೀರು ಹರಿದರಷ್ಟೇ ಸಾಲದು, ಅದು ಪೋಟಬಲ್ ಆಗಿರಬೇಕು.

2. ಎಲಿಜಿಬಲ್ – ಇಲ್ಲೆಜಿಬಲ್: ಅರ್ಹ, ಓದಲಾಗದ. ವಸತಿ ಯೋಜನೆಯ ಅರ್ಜಿಗೆ ‘ಇಲ್ಲೆಜಿಬಲ್’ ಎಂಬ ಷರಾ ಬಂದರೆ ಅರ್ಜಿದಾರರು ಅನರ್ಹರೆಂದು ಭಾವಿಸಬಾರದು. ದಾಖಲೆಯ ಪ್ರತಿ ಮಸುಕಾಗಿದೆ ಎಂದಷ್ಟೇ ಅದರ ಅರ್ಥ; ಸ್ಪಷ್ಟ ಪ್ರತಿಯನ್ನು ಮತ್ತೆ ಸಲ್ಲಿಸಿದರಾಯಿತು. ‘ಇನ್‌ಎಲಿಜಿಬಲ್’ ಎಂದಿದ್ದರೆ ಮಾತ್ರ ಅನರ್ಹ. ಆಗ ಕಾರಣವನ್ನು ಲಿಖಿತವಾಗಿ ಕೇಳಬೇಕು.

3. ಡಿಸೀಸ್ಡ್ – ಡಿಸೀಜ್ಡ್: ಮೃತ, ರೋಗಪೀಡಿತ. ಇಂಗ್ಲಿಷ್ ಬರಹದಲ್ಲೂ ಇವೆರಡಕ್ಕೆ ವ್ಯತ್ಯಾಸ ಅಲ್ಪ. ಪಿಂಚಣಿ ಪಟ್ಟಿಯಲ್ಲಿ ಒಂದರ ಬದಲು ಇನ್ನೊಂದು ಸೇರಿದರೆ, ಹಾಸಿಗೆ ಹಿಡಿದಿರುವ ವೃದ್ಧೆಯ ಮಾಸಾಶನ ನಿಂತೀತು. ಇಂತಹ ಷರಾ ಕಂಡಲ್ಲಿ ವಾರ್ಡಿನ ಸದಸ್ಯರು ಆ ಮನೆಗೇ ಹೋಗಿ ಖಚಿತಪಡಿಸಿಕೊಳ್ಳುವುದು ಲೇಸು.

4. ಕಂಟಿಗ್ಯುಯಸ್ – ಕಂಟೇಜಿಯಸ್: ಹೊಂದಿಕೊಂಡಿರುವ, ಸಾಂಕ್ರಾಮಿಕ. ಬಂಡೀಪುರದ ಕಾಡು ಮುದುಮಲೈ ಮತ್ತು ವಯನಾಡಿನ ಕಾಡುಗಳಿಗೆ ಕಂಟಿಗ್ಯುಯಸ್. ರಾಸುಗಳ ಕಾಲುಬಾಯಿ ಜ್ವರ ಕಂಟೇಜಿಯಸ್. ಗುಂಡ್ಲುಪೇಟೆಯ ಕಾಡಂಚಿನ ಗ್ರಾಮಗಳ ಸದಸ್ಯರು ಇನ್ನೊಂದು ಅಂಶವನ್ನು ಗಮನಿಸಬೇಕು: ಜಮೀನು ಅರಣ್ಯಕ್ಕೆ ಕಂಟಿಗ್ಯುಯಸ್ ಎಂದರೆ ಅದು ಅರಣ್ಯದ ಅಂಚಿಗಿದೆ ಎಂದೇ ಹೊರತು, ಅರಣ್ಯದೊಳಗಿದೆ ಎಂದಲ್ಲ.

ಇಂಗ್ಲಿಷ್ ಪತ್ರವು ಸಭೆಯ ಮುಂದೆ ಬಂದಾಗ ಅದರ ಮುಖ್ಯ ಪದಗಳ ಕನ್ನಡ ಅರ್ಥವನ್ನು ಓದಿಸಿ, ನಡಾವಳಿಯಲ್ಲಿ ದಾಖಲಿಸಿದ ನಂತರವೇ ಸಹಿ ಮಾಡುವುದು ಸೂಕ್ತ. ಅರ್ಥ ಕೇಳುವುದು ಸದಸ್ಯರ ಹಕ್ಕು. ತಿಳಿಸುವುದು ಅಭಿವೃದ್ಧಿ ಅಧಿಕಾರಿಗಳಾದ ನಮ್ಮ ಕರ್ತವ್ಯ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗುಂಡ್ಲುಪೇಟೆ ತಾಲ್ಲೂಕು