ಸಂಬಳದ ಚೀಟಿ ಓದಿ ಹೇಳು

ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಎಚ್.ಆರ್. ವಿಭಾಗಕ್ಕೆ ಸೇರುತ್ತಿದ್ದೀಯೆ ಎಂದು ನಿಮ್ಮಮ್ಮ ಹೇಳಿದಳು. ಸಂತೋಷ ಮಗಳೇ. ನನ್ನ ಕಾಲದಲ್ಲಿ ಅದಕ್ಕೆ ಸಿಬ್ಬಂದಿ ವಿಭಾಗ ಅನ್ನುತ್ತಿದ್ದರು. ಅದಿರು, ಕಲ್ಲಿದ್ದಲಿನ ಸಾಲಿಗೆ ಮನುಷ್ಯರನ್ನೂ ತಂದು ನಿಲ್ಲಿಸುವ ‘ಮಾನವ ಸಂಪನ್ಮೂಲ’ ನನ್ನ ಬಾಯಿಗೆ ಇನ್ನೂ ಹೊಂದಿಲ್ಲ. ಇರಲಿ.

ನೇಮಕಾತಿ, ತರಬೇತಿ, ಮೌಲ್ಯಮಾಪನ ಇವೆಲ್ಲ ಎಂ.ಬಿ.ಎ.ಯಲ್ಲಿ ಓದಿಕೊಂಡಿದ್ದೀಯೆ. ನಾನು ಹೇಳುವುದು ಸಂಬಳದ ಚೀಟಿಯ ವಿಷಯ. ಲೆಕ್ಕಕ್ಕೆ ಸುಲಭವಾಗಲಿ, ಒಬ್ಬಾಕೆಯ ಸಂಬಳ 10,000 ರೂಪಾಯಿ ಅಂದುಕೋ. ಪಿ.ಎಫ್.ಗೆ 1,200, ಇ.ಎಸ್.ಐ.ಗೆ 75 ಹಿಡಿಯುತ್ತಾರೆ. ಆಕೆಗೆ ಕಾಣುವುದು ಹೋದ ದುಡ್ಡು ಮಾತ್ರ. ಮಾಲೀಕರೂ ಪಿ.ಎಫ್.ಗೆ 1,200 ಹಾಕುತ್ತಾರೆ, ಅದರಲ್ಲಿ 833 ಪಿಂಚಣಿಗೆ ಹೋಗಿ 367 ಆಕೆಯ ಖಾತೆಗೆ ಸೇರುತ್ತದೆ, ಇ.ಎಸ್.ಐ.ಗೂ ಅವರದು 325 ಇದೆ ಎಂದು ಕೂರಿಸಿಕೊಂಡು ಹೇಳುವವರು ಯಾರು? ಸೂಪರ್‌ವೈಸರ್‌ಗೆ ಟಾರ್ಗೆಟ್ಟಿನ ಚಿಂತೆ. ಹೇಳಬೇಕಾದವಳು ನೀನೇ.

ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರೇ ನೋಡಿತು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ದಿಲ್ಲಿಯವರಿಗೆ ಅದು ಮುಪ್ಪಿನ ಉಳಿತಾಯ. ನಮ್ಮ ಹೆಣ್ಣುಮಕ್ಕಳಿಗೆ ಮಗಳ ಮದುವೆ, ಸ್ಕೂಲ್ ಫೀಸು, ಬಡ್ಡಿ ಸಾಲದಿಂದ ಬಿಡುಗಡೆ. 58ರ ತನಕ ಹೊಲಿಗೆ ಮೆಷಿನ್ ಮುಂದೆ ಕೂರುವವರು ಎಷ್ಟು ಜನ? ಲೈನಿನಿಂದ ಲೈನಿಗೆ ಗುಸುಗುಸು ಹಬ್ಬಿತು. 18ರಂದು ದೊಡ್ಡ ಸಂಘಗಳ ಕರೆಯೇನೂ ಇಲ್ಲದೆ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ಗಲಭೆ ಇತರೆಡೆಗೂ ಹಬ್ಬಿತು, ಬಸ್ಸುಗಳು ಉರಿದವು, ಲಾಠಿ ಬೀಸಿತು. ಅದೇ ದಿನ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ನಿಯಮ ಮಾಡಿದ್ದು ಕಾರ್ಖಾನೆಗಳಲ್ಲ, ನಿಜ. ಆದರೆ ಎರಡು ತಿಂಗಳಲ್ಲಿ ಎಷ್ಟು ಎಚ್.ಆರ್. ಆಫೀಸಿನವರು ಫ್ಲೋರಿಗೆ ಇಳಿದು, ಏನು ಬದಲಾಗಿದೆ, ನಿಮಗೆ ಏನನಿಸುತ್ತದೆ ಎಂದು ಕೇಳಿದ್ದರು? ನೋಟಿಸ್ ಬೋರ್ಡಿಗೆ ಇಂಗ್ಲಿಷ್ ಹಾಳೆ ಅಂಟಿಸಿದರೆ ತಿಳಿಸಿದ ಹಾಗಾಗುವುದಿಲ್ಲ.

ನಾನು ಬಾಯಿಪಾಠ ಮಾಡಿದ ಕಾನೂನುಗಳಲ್ಲಿ 29ನ್ನು ಒಟ್ಟುಗೂಡಿಸಿ ಈಗ ನಾಲ್ಕು ಸಂಹಿತೆ ಮಾಡಿದ್ದಾರೆ. ನೀನು ಹೊಸದನ್ನೇ ಓದು. ಕೆಲವು ಸಂಗತಿ ಮಾತ್ರ ಹಾಗೆಯೇ ಉಳಿದಿವೆ. ವಿಚಾರಣೆಗಾಗಿ ಯಾರನ್ನಾದರೂ ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಕೊಡಬೇಕು. ಆತನ ತಪ್ಪಿಲ್ಲದೆ ವಿಚಾರಣೆ ಎಳೆದರೆ ಆಮೇಲೆ ಮುಕ್ಕಾಲು. ಕೆಲಸಕ್ಕೇ ಬರದವನಿಗೆ ಯಾಕೆ ಕೊಡಬೇಕು ಎಂದು ಮೇಲಿನವರು ಗೊಣಗುತ್ತಾರೆ. ಆಪಾದನೆ ಇನ್ನೂ ಸಾಬೀತಾಗಿಲ್ಲ ಸಾರ್ ಎಂದು ಮೆತ್ತಗೆ ಹೇಳು, ಆದರೆ ಹೇಳು.

ಇನ್ನೊಂದು ಮಾತು, ನನ್ನದೇ ತಪ್ಪಿನದು. ನಾನು ಸೇರಿದ ಹೊಸದರಲ್ಲಿ ಒಬ್ಬ ಲೇತ್ ಆಪರೇಟರ್ ಇದ್ದ. ಮದುವೆಯಾದಾಗ ಆಫೀಸಿಗೆಲ್ಲ ಲಾಡು ಹಂಚಿದ. ಎರಡು ತಿಂದೆ. ಅವನ ಪಿ.ಎಫ್. ನಾಮಿನಿ ಫಾರಂನಲ್ಲಿ ತಾಯಿಯ ಹೆಸರೊಂದೇ ಇತ್ತು. ಹೊಸದು ಬರೆಸಬೇಕೆಂದು ಹೊಳೆಯಲಿಲ್ಲ. ಮೂರನೇ ವರ್ಷ ಅವನು ಅಪಘಾತದಲ್ಲಿ ತೀರಿಕೊಂಡ. ಅತ್ತೆ ಸೊಸೆ ಇಬ್ಬರೂ ಒಳ್ಳೆಯವರೇ, ದುಡ್ಡಿನ ಮಾತು ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಹುಡುಗಿ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ತಿಂಗಳುಗಟ್ಟಲೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದಳು. ತಪ್ಪು ನನ್ನದೆಂದು ಅವಳಿಗೆ ಗೊತ್ತಿರಲಿಲ್ಲ.

ನೀನು ಹೋದ ಮೊದಲ ವಾರ ಬೇರೇನೂ ಮಾಡದಿದ್ದರೂ ಸರಿ, ನಾಮಿನಿ ಫಾರಂಗಳ ಕಟ್ಟು ಬಿಚ್ಚು. ನಿನ್ನ ಮೇಜಿನ ಎದುರು ಕುರ್ಚಿಯೊಂದನ್ನೂ ಹಾಕಿಸು.