ಊಟ ಬಿಟ್ಟರೆ ತೂಕ ಇಳಿದೀತೆ?



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸಂಘಗಳ ಸಭೆಗೆ ಹೋದಾಗ ಈಚೆಗೆ ಒಂದು ಮಾತು ನಮ್ಮ ಕಿವಿಗೆ ಪದೇ ಪದೇ ಬೀಳುತ್ತಿದೆ. "ಮುದ್ದೆ ಬುಟ್ಬುಟ್ಟಿದ್ದೀನಿ ಸಿಸ್ಟರ್, ಈಗ ಒಂದೇ ಹೊತ್ತು ಊಟ." ಯಾಕಮ್ಮಾ ಅಂದರೆ, "ಡಯಟ್ಟು!" ಮೊದಲು ಪೇಟೆಯವರ ಮಾತಾಗಿದ್ದ ಡಯಟ್ಟು ಈಗ ಮೊಬೈಲ್ ವಿಡಿಯೋದ ಮೂಲಕ ಗದ್ದೆಬಯಲಿಗೂ ಬಂದಿದೆ.

ತೂಕದ ಚಿಂತೆ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಹೆಚ್ಚು ತೂಕದವರು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ನೋಡಿ. ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ದಪ್ಪಗಿದ್ದವರಿಗೆ ರಕ್ತ ಚೆನ್ನಾಗಿದೆ ಅಂದುಕೊಳ್ಳಬೇಡಿ. ಮೈತೂಕವೂ ಹೆಚ್ಚು, ರಕ್ತವೂ ಕಡಿಮೆ, ಎರಡೂ ಒಬ್ಬರಲ್ಲೇ ಇರಬಹುದು. ಅಂಥವರು ಊಟ ಬಿಟ್ಟರೆ ಏನಾಗುತ್ತದೆ ಎಂಬುದೇ ಈ ಪಾಠ.

ಕೆ.ಆರ್. ಪೇಟೆ ಕಡೆಯ ಒಬ್ಬ ಸದಸ್ಯೆ ಸಂಘದಲ್ಲಿ ಆಂತರಿಕ ಸಾಲ ತೆಗೆದು ತೂಕ ಇಳಿಸುವ ಪುಡಿಯ ಡಬ್ಬ ಕೊಂಡರು. ಎರಡು ತಿಂಗಳು ಎರಡು ಹೊತ್ತಿನ ಊಟದ ಬದಲು ಅದನ್ನೇ ಕುಡಿದರು. ತೂಕ ಇಳಿಯಿತು, ನಿಜ. ಕಬ್ಬಿನ ಗದ್ದೆ ಕೆಲಸದಲ್ಲಿ ತಲೆಸುತ್ತೂ ಬಂತು. ಪುಡಿ ಮುಗಿದ ಮೇಲೆ ತೂಕ ಮೊದಲಿಗಿಂತ ಹೆಚ್ಚಾಯಿತು, ಸಾಲದ ಕಂತು ಮಾತ್ರ ಇನ್ನೂ ತೀರಿರಲಿಲ್ಲ. "ನನ್ನ ಬಾಯಿಚಪಲದಿಂದಲೇ ಹಿಂಗಾಯ್ತು" ಎಂದು ಅತ್ತರು. ನಾವು ಇದನ್ನು ಒಪ್ಪುವುದಿಲ್ಲ.

ಮನೆಗೆ ಬರೋ ದುಡ್ಡು ಅರ್ಧಕ್ಕೆ ಇಳಿದರೆ ನಾವೇನು ಮಾಡುತ್ತೇವೆ? ಖರ್ಚು ಹಿಡಿಯುತ್ತೇವೆ. ದೇಹವೂ ಹಾಗೇ ಮಾಡುತ್ತದೆ. ಡಯಟ್ಟು ಯಾವುದು, ಬರಗಾಲ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಆಮೇಲೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ದೇಹ ಶಕ್ತಿಯ ಖರ್ಚು ಕಡಿಮೆ ಮಾಡಿ, ಹಸಿವನ್ನು ಹೆಚ್ಚಿಸುತ್ತದೆ. ಮತ್ತೆ ಮಾಮೂಲಿ ಊಟಕ್ಕೆ ಬಂದಾಗ ಹೆಚ್ಚಾದದ್ದರಲ್ಲಿ ಬಹುಪಾಲು ಕೊಬ್ಬಾಗಿ ಕೂರುತ್ತದೆ.

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರಿಗೆ, ಅವರ ಒಪ್ಪಿಗೆ ಪಡೆದು, 1945ರಲ್ಲಿ ಆರು ತಿಂಗಳು ಸುಮಾರು ಅರ್ಧ ಊಟ ಕೊಟ್ಟರು. ಅವರ ತೂಕ ಕಾಲು ಭಾಗ ಇಳಿಯಿತು. ಜೊತೆಗೆ ಚಳಿ, ನಿಶ್ಶಕ್ತಿ, ಸಿಡುಕು, ಮಂಕು. ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರಂತೂ ಅಡುಗೆ ಪುಸ್ತಕ ಕೂಡಿಡತೊಡಗಿದರು! ಊಟ ಹೆಚ್ಚಿಸಿದ ಮೇಲೂ ಎಷ್ಟೋ ದಿನ ಹೊಟ್ಟೆ ತುಂಬಿದರೂ ಹಸಿವು ತೀರಲಿಲ್ಲ. ಗಟ್ಟಿ ಮನಸ್ಸಿನ ಗಂಡಸರ ಪಾಡೇ ಹೀಗಾದರೆ, ನಮ್ಮ ಸದಸ್ಯೆಯದು ಬಾಯಿಚಪಲ ಹೇಗಾದೀತು?

ಇನ್ನು ತೊಂದರೆಗಳು. ಕೂದಲು ಉದುರುತ್ತದೆ, ಮುಟ್ಟು ಏರುಪೇರಾಗುತ್ತದೆ, ರಕ್ತಹೀನತೆ ಹೆಚ್ಚುತ್ತದೆ. ತೂಕ ಬೇಗಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಒಮ್ಮೆಗೇ ಇಳಿದು ಪ್ರಜ್ಞೆ ತಪ್ಪಬಹುದು. ಅಂಥವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು. (ಶನಿವಾರದ ಒಪ್ಪೊತ್ತು, ತಪಸ್ಸುಕಾಲದ ಉಪವಾಸ ಬೇರೆ ಮಾತು. ಅದಕ್ಕೊಂದು ದಿನ, ಒಂದು ಮಿತಿ ಇದೆ. ಕಾಯಿಲೆಯವರಿಗೆ ವಿನಾಯಿತಿಯೂ ಇದೆ.)

ಮುದ್ದೆ ಬಿಟ್ಟು ಚಹಾ-ಬಿಸ್ಕತ್ತು ತಿನ್ನುವವರನ್ನು ಕಂಡರೆ ನಮಗೆ ನಿಜಕ್ಕೂ ಸಂಕಟ. ಇಂಡಾಫ್ ರಾಗಿ ತಳಿಗಳನ್ನು ಲಕ್ಷ್ಮಣಯ್ಯನವರು ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲೇ ರೂಪಿಸಿದರು. ಅಂಥ ಊರವರು ನಾವು! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿರುವುದು ಅದರ ಒಂದು ಸಣ್ಣ ಪಾಲು ಮಾತ್ರ. ಮುದ್ದೆ ದೊಡ್ಡದಾಯಿತು ಅನ್ನಿಸಿದರೆ ಸ್ವಲ್ಪ ಚಿಕ್ಕದು ಮಾಡಿ, ಬಸ್ಸಾರಿನ ಸೊಪ್ಪು, ಹುರುಳಿ, ಅವರೆಕಾಳು ಹೆಚ್ಚು ಬಡಿಸಿಕೊಳ್ಳಿ. ಮೇಲೊಂದಿಷ್ಟು ನಿಂಬೆಹಣ್ಣು ಹಿಂಡಿ, ಕಬ್ಬಿಣದಂಶ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿಯಬೇಡಿ, ಅದು ಕಬ್ಬಿಣದಂಶ ಹತ್ತಲು ಬಿಡುವುದಿಲ್ಲ. ದಿನಕ್ಕೆ ಐದು ಲೋಟ ಸಕ್ಕರೆ ಚಹಾ ಎರಡಾಗಲಿ.

ತೂಕ ಇಳಿಯದಿದ್ದರೆ ಇದರಿಂದೇನು ಪ್ರಯೋಜನ ಎನ್ನುವಿರಾ? ಚೆನ್ನೈನ ವೈದ್ಯ ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಊಟ ತಿದ್ದಿಕೊಂಡು, ದಿನವೂ ನಡೆದ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೂ ಮೂರು ವರ್ಷದಲ್ಲಿ ಅವರಲ್ಲಿ ಕಾಯಿಲೆ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. ತಕ್ಕಡಿಯ ಮುಳ್ಳನ್ನೇ ನೋಡುತ್ತಾ ಕೂರಬೇಡಿ. ಹೊಲಿಗೆ ಟೇಪಿನಲ್ಲಿ ಸೊಂಟದ ಸುತ್ತಳತೆ ನೋಡಿ. ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ., ಸಕ್ಕರೆ, ರಕ್ತ ಮೂರನ್ನೂ ಪರೀಕ್ಷೆ ಮಾಡಿಸಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:

ನಮ್ಮ ಸಂಘದಲ್ಲಿ ಕಳೆದ ಒಂದು ವರ್ಷದಲ್ಲಿ ರಕ್ತ ಪರೀಕ್ಷೆ ಮಾಡಿಸಿದವರು ಎಷ್ಟು ಮಂದಿ?

ತೂಕ ಇಳಿಸುವ ಪುಡಿಗೆ, ಮಾತ್ರೆಗೆ ಸಂಘದಿಂದ ಸಾಲ ಕೊಡಬೇಕೆ?

ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಆ ಹೊತ್ತಿಗೆ ಪಾತ್ರೆಯಲ್ಲಿ ಸೊಪ್ಪು, ಕಾಳು ಎಷ್ಟು ಉಳಿದಿರುತ್ತದೆ?